ಒಂದೇ ಮರದ ಸಂಕ

ನಮ್ಮ ಊರಿನವರನ್ನು ಮನೆ ಎಲ್ಲಿ ಎಂದು ಕೇಳಿ ನೋಡಿ. ಬೀದಿ, ಕೇರಿ ಎಂದು ಯಾರೂ ಹೇಳುವುದಿಲ್ಲ. ಮೊದಲು ಕಲ್ಲಿನ ಬಣ್ಣ ಹೇಳುತ್ತಾರೆ, ಆಮೇಲೆ ಒಂದು ಗಳಿಗೆ ತಡೆದು, "ಸದ್ಯಕ್ಕೆ ಇಂಥವರ ಪಕ್ಕ" ಎನ್ನುತ್ತಾರೆ. ಆ ಸದ್ಯಕ್ಕೆ ಎಂಬ ಮಾತನ್ನು ನಮ್ಮ ಮಕ್ಕಳು ಅಪ್ಪ, ಅಮ್ಮ ಎನ್ನುವ ಹೊತ್ತಿಗೇ ಕಲಿತುಬಿಡುತ್ತವೆ. ನನ್ನದು ಕೆಂಪುಕಲ್ಲು. ಸದ್ಯಕ್ಕೆ ನೀಲಿಕಲ್ಲಿನವರ ಪಕ್ಕ. ಆದರೆ ನಾನು ಹೇಳಹೊರಟಿರುವುದು ಹಸುರುಕಲ್ಲಿನ ವಾರಿಜಕ್ಕ ನನ್ನ ಪಕ್ಕದಲ್ಲಿದ್ದ ಕಾಲದ್ದು.

ಊರೆಂದರೆ ಕಲ್ಲುಗಳು, ಕಲ್ಲುಗಳ ನಡುವೆ ಜೇಡಿ. ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ. ಕೆಂಪುಕಲ್ಲು ನೀರುದೋಸೆ ಪೇರಿಸಿಟ್ಟ ಹಾಗೆ ಪದರ ಪದರ, ಒಡೆದರೆ ಕತ್ತಿಯಷ್ಟು ಹರಿತ. ಬಿಳಿಕಲ್ಲಿನ ಮೈತುಂಬ ಚಿಪ್ಪು. ಕರಿಕಲ್ಲು ತಲೆದಿಂಬುಗಳನ್ನು ಒಟ್ಟಿದ ಹಾಗೆ ಉಬ್ಬುಬ್ಬು. ಹಸುರುಕಲ್ಲಿಗೆ ಹಾವಿನ ಮೈಯ ನುಣುಪು, ಮುಟ್ಟಿದರೆ ತಂಪು. ನೀಲಿಕಲ್ಲು ಎಲ್ಲಕ್ಕಿಂತ ಭಾರ, ಎಲ್ಲಕ್ಕಿಂತ ಆಳದಿಂದ ಬಂದದ್ದು. ಯಾವುದೂ ಇಲ್ಲಿನದಲ್ಲ. ಒಂದು ಯಾವುದೋ ಕಡಲಿನ ತಳದ್ದು, ಒಂದು ಯಾವುದೋ ಮುಳುಗಿದ ಗುಡ್ಡದ್ದು, ಎಲ್ಲೋ ಕಾದು ಎಲ್ಲೋ ತಣಿದು ಬಂದು ಒಂದೇ ಜೇಡಿಯಲ್ಲಿ ಸಿಕ್ಕಿಕೊಂಡವು. ಕಡಲು ಕೆಳಗಿನಿಂದ ನೂಕುತ್ತದೆ, ಕಲ್ಲುಗಳು ನಡೆಯುತ್ತವೆ. ಒಂದೊಂದೂ ತನ್ನ ದಾರಿಯಲ್ಲಿ, ತನ್ನ ಗತ್ತಿನಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಗೊತ್ತಾಗುವಂಥದ್ದಲ್ಲ ಅದು. ಹೆಣ್ಣುಮಕ್ಕಳು ಬೆಳೆಯುವ ಹಾಗೆ. ದಿನಾ ನೋಡುವವರಿಗೆ ಕಾಣುವುದಿಲ್ಲ, ಲಂಗ ಗಿಡ್ಡವಾದಾಗಲೇ ಕಾಣುವುದು.

ಜೇಡಿ ಬೂದುಬಣ್ಣದ್ದು. ಮೀನಿನ ಹುರುಪೆಯ ಹಾಗೆ ಬಿಲ್ಲೆಬಿಲ್ಲೆಯಾಗಿ ಹೊಳೆಯುತ್ತದೆ, ನೋಡಲಿಕ್ಕೆ ಚಂದ. ಕಾಲಿಟ್ಟರೆ ಮೊಣಕಾಲಿನವರೆಗೆ ನುಂಗುತ್ತದೆ, ಎಳೆದುಕೊಂಡರೆ ಕಾಲು ನಿಮ್ಮದು, ಚಪ್ಪಲಿ ಅದರದ್ದು. ಹಾಗಾಗಿ ಸಂಕ. ತೆಂಗಿನ ಮರ ಕಡಿದು, ಮೇಲ್ಮೈ ಸ್ವಲ್ಪ ಚಪ್ಪಟೆ ಕೆತ್ತಿ, ಈ ಕಲ್ಲಿನಿಂದ ಆ ಕಲ್ಲಿಗೆ ಹಾಕಿದರೆ ಅದೇ ನಮ್ಮ ಬೀದಿ. ಸಂಕ ಹಾಕುವುದು, ಕಲ್ಲು ಸರಿದ ಹಾಗೆ ಅದನ್ನು ಸರಿಸುವುದು, ಕಡೆಗೊಂದು ದಿನ ತೆಗೆಯುವುದು ನನ್ನ ಕೆಲಸ. ಅಮ್ಮನ ಕೈಯಿಂದ ನನ್ನ ಕೈಗೆ ಬಂದದ್ದು. ಗಂಡ ಬೋಟಿನ ಮೇಲೆ, ಮಳೆಗಾಲದಲ್ಲಿ ಮಾತ್ರ ಮನೆಯಲ್ಲಿ. ಉಳಿದ ತಿಂಗಳೆಲ್ಲ ಒಲೆಯ ಮೇಲೆ ಗಂಜಿಗಿಟ್ಟು ಹಾರೆಯನ್ನು ಹೆಗಲಿಗೇರಿಸಿ ಹೊರಟರೆ, ತಿರುಗಿ ಬರುವ ಹೊತ್ತಿಗೆ ಸೊಂಟ ನನ್ನದಲ್ಲ.

ಈ ಕೆಲಸಕ್ಕೆ ಇರುವ ಕಟ್ಟಳೆ ಒಂದೇ. ಒಂದು ಸಂಕಕ್ಕೆ ಒಂದೇ ಮರ. ಎರಡು ಮರ ಕೂಡಿಸಿ ಕಟ್ಟುವಂತಿಲ್ಲ. ಒಂದು ಮರ ಎಟುಕದಷ್ಟು ದೂರವಾದರೆ ಸಂಕ ತೆಗೆಯಬೇಕು. ತೆಗೆದ ಮೇಲೆ ಎದುರಿಗೇ ಕಾಣುವ ಮನೆಗೆ ಊರಿಡೀ ಸುತ್ತಿ, ಇಪ್ಪತ್ತೆಂಟು ಸಂಕ ದಾಟಿ, ಬುತ್ತಿ ಕಟ್ಟಿಕೊಂಡು ಹೋಗಬೇಕಾಗುತ್ತದೆ. ಮೊದಮೊದಲು ಹೋಗುತ್ತಾರೆ. ಆಮೇಲೆ ಮದುವೆಗೆ, ಸಾವಿಗೆ ಹೋಗುತ್ತಾರೆ. ಕೂಡಿಸಿ ಕಟ್ಟಿದರೆ ಏನಾಗುತ್ತದೆ ಎಂದು ಅಮ್ಮನನ್ನು ಕೇಳಿದರೆ, "ಕಲ್ಲಿಗೆ ಗೊತ್ತಾಗ್ತದೆ" ಎನ್ನುತ್ತಿದ್ದಳು. ಅಷ್ಟೇ. ಊರಿನ ಪಡುವಣ ಬದಿಯಲ್ಲಿ ಸೀಳಿದ ಒಂದು ಕಲ್ಲಿದೆ. ಅದರ ಒಂದು ಹೋಳಿನ ಮೇಲೆ ಅರ್ಧ ಮನೆಯ ಒಲೆ, ಇನ್ನೊಂದರ ಮೇಲೆ ಅದೇ ಮನೆಯ ಹೊಸ್ತಿಲು. ಅಲ್ಲಿ ಯಾರು ಯಾರಿಗೆ ಸಂಕ ಕೂಡಿಸಿ ಕಟ್ಟಿದ್ದರೆಂದು ಯಾರೂ ಬಾಯಿಬಿಡುವುದಿಲ್ಲ, ಮಕ್ಕಳನ್ನು ಆಡಲು ಬಿಡುವುದೂ ಇಲ್ಲ.

ಹೀಗಾಗಿ ಸಂಕ ಹಾಕುವಾಗ ನನಗೆ ಪಾಯಸ, ತೆಗೆಯುವಾಗ ಬೈಗುಳ. ನಾನು ಎರಡನ್ನೂ ಒಂದೇ ಮುಖದಲ್ಲಿ ತಿನ್ನಲು ಕಲಿತಿದ್ದೆ. ಆದರೆ ಬಿಳಿಕಲ್ಲಿನ ತನಿಯಪ್ಪಣ್ಣನದ್ದು ಮಾತ್ರ ಗಂಟಲಿನಲ್ಲಿ ನಿಂತಿತ್ತು. ಅವನ ತಮ್ಮ ಐತಪ್ಪನ ಮನೆ ಪಕ್ಕದ ಕರಿಕಲ್ಲಿನ ಮೇಲಿತ್ತು. ಅಣ್ಣತಮ್ಮಂದಿರು ಸಂಜೆ ಸಂಕದ ನಡುವೆ ಕೂತು ಕಾಲು ಇಳಿಬಿಟ್ಟು ಎಲೆಯಡಿಕೆ ಹಾಕುವವರು. ಆ ಕರಿಕಲ್ಲು ಬಡಗಣಕ್ಕೆ ಸರಿದು ಮರ ಎಟುಕದಾದಾಗ ನಾನು ಹಾರೆ ಹಿಡಿದು ಹೋದೆ. ತನಿಯಪ್ಪಣ್ಣ ಸಂಕದ ಮೇಲೆ ಕೂತ. ಏಳಲಿಲ್ಲ.

"ಇನ್ನೊಂದು ಮರ ಕೂಡಿಸು," ಎಂದ.

"ಆಗುದಿಲ್ಲ ತನಿಯಪ್ಪಣ್ಣ. ನಿಮಗೇ ಗೊತ್ತುಂಟು."

"ನಂಗೆ ಎಂತದೂ ಗೊತ್ತಿಲ್ಲ. ನನಗೆ ಒಬ್ಬನೇ ತಮ್ಮ ಅಂತ ಗೊತ್ತುಂಟು."

ಕಡೆಗೆ ತಮ್ಮನೇ ಆಚೆಯಿಂದ, "ಏಳಣ್ಣ, ಅವಳದ್ದೆಂತ ತಪ್ಪು?" ಎಂದು ಕೂಗಿದ ಮೇಲೆ ಎದ್ದ. ನಾನು ಮರ ಎಳೆದುಕೊಂಡು ಹೊರಟಾಗ ಬೆನ್ನಹಿಂದಿನಿಂದ ಹೇಳಿದ, "ನಿನ್ನ ಕಲ್ಲಿಗೂ ಒಂದು ದಿನ ಬರ್ತದೆ ಲೋಲಾಕ್ಷಿ. ಆ ದಿನ ನಾನು ಎಲೆಯಡಿಕೆ ಚೀಲ ತಕ್ಕೊಂಡು ಬಂದು ಕೂತು ನೋಡ್ತೇನೆ, ನೀನು ಎಂತ ಮಾಡ್ತಿ ಅಂತ."

ಆಗ ನನ್ನ ಪಕ್ಕದಲ್ಲಿ ಕಳೆದುಕೊಂಡರೆ ಸಂಕಟವಾಗುವಂಥವರು ಯಾರೂ ಇರಲಿಲ್ಲ. ನಕ್ಕು ಹೊರಟುಬಂದಿದ್ದೆ.

ಅದಾಗಿ ಎಷ್ಟೋ ವರ್ಷಕ್ಕೆ ಹಸುರುಕಲ್ಲು ಬಂದು ನಮ್ಮ ಕಲ್ಲಿನ ಹತ್ತಿರ ನಿಂತಾಗ ನಾನು ಏಳು ತಿಂಗಳ ಬಸುರಿ. ಸಂಕ ಹಾಕಲು ನಾನೇ ಹೋಗಬೇಕು, ಬಗ್ಗಲಿಕ್ಕಾಗುವುದಿಲ್ಲ. ಆಚೆಯಿಂದ ಒಬ್ಬಳು ಗಟ್ಟಿಮುಟ್ಟಾದ ಹೆಂಗಸು, ಸೀರೆ ಎತ್ತಿಕಟ್ಟಿ, "ನೀನು ಬರೀ ಬಾಯಲ್ಲಿ ಹೇಳು ಮಾರಾಯ್ತಿ, ಕೈ ನಂದು" ಎಂದಳು. ನಾನು ಹೇಳಿದೆ, ಅವಳು ಹಾಕಿದಳು. ಹಾಕಿ ಮುಗಿಯುವ ಮೊದಲೇ, ಮರ ಇನ್ನೂ ಅಲ್ಲಾಡುತ್ತಿರುವಾಗಲೇ, ಅದರ ಮೇಲೆ ನಡೆದುಬಂದು ನಮ್ಮ ಅಂಗಳದ ಕೆಂಪುಕಲ್ಲಿಗೆ ಅಂಗೈ ಒತ್ತಿ ನೋಡಿದಳು. "ಅಯ್ಯೋ ದೇವರೇ, ಕಾವಲಿ! ಇಲ್ಲಿ ಹಪ್ಪಳ ಒಂದೇ ದಿನಕ್ಕೆ ಒಣಗ್ತದೆ." ಅದು ವಾರಿಜಕ್ಕ ನನ್ನ ಅಂಗಳದಲ್ಲಿ ಆಡಿದ ಮೊದಲ ಮಾತು. ನನ್ನ ಹೆಸರು ಕೇಳಿದ್ದು ಆಮೇಲೆ.

ಅವಳು ಹಲಸಿನಕಾಯಿ ಹಪ್ಪಳ ಮಾಡಿ ಮಾರುವವಳು. ಹಸುರುಕಲ್ಲಿನ ಮೇಲೆ ಸದಾ ಪಸೆ, ಹಪ್ಪಳ ಒಣಗುವ ಮೊದಲು ಬೂಸ್ಟು ಹಿಡಿಯುತ್ತಿತ್ತು. ನನ್ನ ಕೆಂಪುಕಲ್ಲಿನ ಮೇಲೆ ಬಿಸಿಲು ಬೇಕಾದಷ್ಟು, ನೀರಿಗೆ ಮಾತ್ರ ತತ್ವಾರ. ಎಷ್ಟು ಅಗೆದರೂ ಕಲ್ಲಿನ ಪದರ ಬಿಟ್ಟರೆ ಇನ್ನೊಂದಿಲ್ಲ. ಅವಳ ಕಲ್ಲಿನ ಬಿರುಕಿನಲ್ಲಿ ಬೇಸಗೆಯಲ್ಲೂ ಆರದ ಒರತೆ. ಹೀಗೆ ಅವಳ ನೀರು ಈಚೆಗೆ ಬಂತು, ನನ್ನ ಬಿಸಿಲು ಅವಳ ಪಾಲಿಗಾಯಿತು. ಯಾರು ಯಾರಿಗೆ ಹೆಚ್ಚು ಕೊಟ್ಟೆವೆಂದು ಯಾವತ್ತೂ ಮಾತು ಬರಲಿಲ್ಲ. ಬಂದಿದ್ದರೆ ಅವಳೇ ಗೆಲ್ಲುತ್ತಿದ್ದಳು, ಅವಳ ಬಾಯಿ ಹಾಗಿತ್ತು.

ಸುಗಂಧಿ ಹುಟ್ಟಿದ್ದು ವಾರಿಜಕ್ಕನ ಕೈಯಲ್ಲಿ. ಬಾಣಂತನ ಮುಗಿಯುವ ಮೊದಲೇ ನಾನು ಹಾರೆ ಹಿಡಿದು ಹೊರಡಬೇಕಾಯಿತು, ಆ ವರ್ಷ ಕಲ್ಲುಗಳಿಗೆ ಹುಚ್ಚು ಹಿಡಿದ ಹಾಗಿತ್ತು. ಬೆಳಿಗ್ಗೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಸಂಕ ದಾಟಿ ಕೊಟ್ಟು ಹೋದರೆ, ಸಂಜೆ ಎಣ್ಣೆ ಹಚ್ಚಿ ಮೀಯಿಸಿ ನಿದ್ದೆ ಬರಿಸಿಟ್ಟಿರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅವಳ ಗಂಡ ಸೇಸಣ್ಣ ಬಲೆ ಹೆಣೆಯುವವ, ದಿನಕ್ಕೆ ನಾಲ್ಕು ಮಾತಿನ ಮನುಷ್ಯ. ಸುಗಂಧಿ ಬಂದ ಮೇಲೆ ಆ ನಾಲ್ಕೂ ಅವಳಿಗೇ ಖರ್ಚಾಗುತ್ತಿದ್ದವು. ನಡೆಯಲು ಕಲಿತ ಮೇಲೆ ಮಗು ನನ್ನನ್ನು ಅಮ್ಮ ಎಂದು, ವಾರಿಜಕ್ಕನನ್ನು ದೊಡ್ಡಮ್ಮ ಎಂದು ಕರೆಯಿತು. ಬಿದ್ದಾಗ ಮಾತ್ರ ಯಾರ ಹೆಸರು ಬಾಯಿಗೆ ಬರುತ್ತಿತ್ತು ಎಂದು ನಾನು ಹೇಳುವುದಿಲ್ಲ.

ಹಪ್ಪಳದ ದಿನಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಬೆಳಿಗ್ಗೆಯಿಂದ ಸಂಕದ ಮೇಲೆ ಚಾಪೆಗಳ ಮೆರವಣಿಗೆ. ನನ್ನ ಅಂಗಳದ ತುಂಬ ಹಪ್ಪಳ, ಕಾಗೆ ಓಡಿಸಲು ಸುಗಂಧಿ. ಅವಳು ಕಾಗೆಗಿಂತ ದೊಡ್ಡ ಕಳ್ಳಿ, ಹಸಿ ಹಿಟ್ಟಿಗೆ ತೆಂಗಿನೆಣ್ಣೆ ಸವರಿ ಉಂಡೆ ಮಾಡಿ ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. "ಇವಳ ಮದುವೆಗೆ ಹಪ್ಪಳ ನಾನು ಕೊಡುದಿಲ್ಲ," ಎನ್ನುತ್ತಿದ್ದಳು ವಾರಿಜಕ್ಕ. "ಈಗಲೇ ತಿಂದು ಮುಗಿಸಿಯಾಯ್ತು." ಕೆಲಸ ಇಲ್ಲದ ದಿನ ನಾನು ಸೊಂಟ ಚಾಚಿ ಬಿಸಿಕಲ್ಲಿನ ಮೇಲೆ ಮಲಗುತ್ತಿದ್ದೆ. "ನೋಡು ಸುಗಂಧಿ, ನಿನ್ನಮ್ಮನೂ ಒಣಗಲಿಕ್ಕೆ ಬಿದ್ದಿದ್ದಾಳೆ. ತಿರುಗಿಸಿ ಹಾಕು, ಒಂದೇ ಬದಿ ಸುಟ್ಟೀತು." ಅಂಥ ನಗೆಯನ್ನು ಆಮೇಲೆ ನಾನು ಎಲ್ಲೂ ನಗಲಿಲ್ಲ. ದಣಿವು ಅಷ್ಟೇ ಇತ್ತು, ಕೆಲಸವೂ ಅಷ್ಟೇ ಇತ್ತು, ಆದರೂ ಆಗ ಮೈ ಹಗುರವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಸುಗಂಧಿ ಶಾಲೆಗೆ ಸೇರಿದ ವರ್ಷ ನನ್ನ ಕಣ್ಣಿಗೆ ಅದು ಬಿತ್ತು. ನಮ್ಮ ಬದಿಯಲ್ಲಿ ಸಂಕದ ಬುಡ ಕಲ್ಲಿನ ಮೇಲೆ ಒಂದು ಮಾರು ಕೂತಿರುತ್ತಿತ್ತು, ಈಗ ಮೊಳ. ನಾನು ಯಾರಿಗೂ ಹೇಳದೆ ಇನ್ನೊಂದು ಉದ್ದದ ಮರ ತಂದು ಹಾಕಿದೆ. ಮುಂದಿನ ವರ್ಷ ಅದೂ ಗೇಣಿಗೆ ಬಂತು. ಊರಲ್ಲಿದ್ದ ಉದ್ದದ ಮರ ಹುಡುಕಿ ತಂದೆ. ನನ್ನ ಕೈಚಳಕ ಯಾರಿಗೆ ತಿಳಿದೀತು ಎಂದುಕೊಂಡಿದ್ದೆ. ಆ ಬೆಳಿಗ್ಗೆ ವಾರಿಜಕ್ಕ ಕೊಡಪಾನ ಹೊತ್ತು ದಾಟಿ ಬಂದವಳು ಅದನ್ನು ಇಳಿಸದೆ ಕೇಳಿದಳು, "ಲೋಲು, ಇದು ಎಷ್ಟನೆಯ ಮರ?"

"ಹಳೇದು ಹುಳ ಹಿಡಿದು ಲಡ್ಡಾಗಿತ್ತು ವಾರಿಜಕ್ಕ."

"ಲಡ್ಡಾದ ಮರ ಅಲ್ಲಿ ಕೊಟ್ಟಿಗೆ ಹತ್ತಿರ ಗಟ್ಟಿ ಬಿದ್ದುಕೊಂಡುಂಟು. ನಾನು ಅದರ ಮೇಲೆ ಕೂತು ಹಲಸಿನಕಾಯಿ ಕೊಯ್ದೆ." ಕೊಡಪಾನ ಇಳಿಸಿದಳು. "ಮುಚ್ಚಿಡಲಿಕ್ಕೆ ನಾನೆಂತ ಹೊರಗಿನವಳಾ?"

ಆ ದಿನ ನಾವು ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಆದರೆ ಊರಿಗೆ ಕಣ್ಣಿದೆ. ಸಂಕದವಳ ಸ್ವಂತ ಸಂಕ ಎಟುಕುತ್ತಿಲ್ಲ ಎಂಬ ಸುದ್ದಿ ಮೀನಿನ ವಾಸನೆಗಿಂತ ಬೇಗ ಹರಡಿತು. ನಾನು ಯಾರ ಮನೆಯ ಸಂಕ ಸರಿಸಲು ಹೋದರೂ, "ನಿಮ್ಮದೆಂತ ಮಾಡ್ತೀರಿ ಲೋಲಾಕ್ಷಕ್ಕ?" ಎನ್ನುವರು. ಕೇಳುವ ದನಿಯಲ್ಲಿ ಮರುಕವಿತ್ತು, ಅದರ ಅಡಿಯಲ್ಲಿ ಇನ್ನೊಂದಿತ್ತು. ಇವಳು ತನಗೊಂದು ಕಟ್ಟಳೆ, ನಮಗೊಂದು ಕಟ್ಟಳೆ ಮಾಡುತ್ತಾಳೋ ನೋಡುವ ಎಂಬುದು. ನಾನು ಎರಡು ಮರ ಕೂಡಿಸಿದರೆ ಮರುದಿನ ಊರಿನ ಅರ್ಧ ಜನ ಹಗ್ಗ ಹಿಡಿದು ನನ್ನ ಅಂಗಳದಲ್ಲಿ ನಿಂತಿರುತ್ತಿದ್ದರು. ಆಮೇಲೆ ಎಷ್ಟು ಕಲ್ಲು ಸೀಳುತ್ತಿದ್ದವೋ.

ಇದೆಲ್ಲ ಗೊತ್ತಿದ್ದೂ ಒಂದು ಮಧ್ಯಾಹ್ನ ನಾನು ಎರಡು ಮರಗಳನ್ನು ಅಂಗಳದಲ್ಲಿ ತುದಿಗೆ ತುದಿ ತಾಗಿಸಿ ಇಟ್ಟು ನೋಡುತ್ತಿದ್ದೆ. ನೋಡುವುದು ಮಾತ್ರ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸೇಸಣ್ಣನ ಹತ್ತಿರ ಬೋಟಿನ ದಪ್ಪ ಹಗ್ಗ ಕೇಳಿ ತಂದದ್ದೂ ಸುಮ್ಮನೆ. ಶಾಲೆಯಿಂದ ಬಂದ ಸುಗಂಧಿ ಚೀಲ ಇಳಿಸದೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. "ಅಮ್ಮ, ಗಂಟು ನಾನು ಹಾಕ್ಲಾ? ದೊಡ್ಡಪ್ಪ ಕಲಿಸಿದ್ದಾರೆ, ಬಿಚ್ಚಲಿಕ್ಕೇ ಬರುದಿಲ್ಲ." ನಾನು ಬೇಡ ಎನ್ನಲಿಲ್ಲ. ಹ್ಞೂ ಎಂದೂ ಹೇಳಲಿಲ್ಲ.

ಆಗ ಮೂಡಣ ಬದಿಯ ಸಂಕದ ಮೇಲೆ ಯಾರೋ ನಿಧಾನ ನಡೆದು ಬಂದರು. ತನಿಯಪ್ಪಣ್ಣ. ಬಗಲಿನಲ್ಲಿ ಎಲೆಯಡಿಕೆ ಚೀಲ. ನಮ್ಮ ಜಗಲಿಯ ಮೇಲೆ ಕೂತ. ಎಲೆ ಒರೆಸಿದ, ಸುಣ್ಣ ಹಚ್ಚಿದ, ಬಾಯಿಗಿಟ್ಟ.

"ಕಟ್ಟು, ಕಟ್ಟು," ಎಂದ. "ನಾನು ಬಂದದ್ದು ಅಂತ ನಿಲ್ಲಿಸ್ಬೇಡ."

"ನಿಮಗೆ ಸಂತೋಷ ಆಯ್ತಲ್ಲ ತನಿಯಪ್ಪಣ್ಣ."

"ಬರುವಾಗ ಸಂತೋಷವೇ ಇತ್ತು, ಸುಳ್ಳು ಹೇಳುದಿಲ್ಲ. ದಾರಿಯುದ್ದಕ್ಕೂ ಎಂತೆಂತ ಹೇಳ್ಬೇಕು ಅಂತ ಲೆಕ್ಕ ಹಾಕಿಕೊಂಡೇ ಬಂದೆ." ಅವನು ಸುಗಂಧಿಯನ್ನು ನೋಡಿದ. ಅವಳು ಹಗ್ಗದ ತುದಿಯನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. "ಇದಾ ವಾರಿಜನ ಕೈಯಲ್ಲಿ ಬೆಳೆದ ಮಗು?"

"ಹೌದು."

ಅವನು ತುಂಬ ಹೊತ್ತು ಅಗಿದ. ಎದ್ದು ಹೋಗಿ ಅಂಗಳದಾಚೆ ಉಗಿದು ಬಂದ. "ಬಾ," ಎಂದ. "ಮಗುವನ್ನೂ ಕರ್ಕೊಂಡು ಬಾ. ಹಗ್ಗ ಇಲ್ಲೇ ಇರ್ಲಿ."

ಬಿಳಿಕಲ್ಲಿನಲ್ಲಿ ಮಾತ್ರ ನಮ್ಮೂರಿನಲ್ಲಿ ಗಿಡಮರ ಚೆನ್ನಾಗಿ ಬರುತ್ತದೆ. ತನಿಯಪ್ಪಣ್ಣನ ಮನೆಯ ಹಿಂದೆ, ಬಡಗಣ ಅಂಚಿನಲ್ಲಿ, ಒಂದು ತೆಂಗಿನ ಮರ ನಿಂತಿತ್ತು. ಆ ಸಂಕ ತೆಗೆದ ಮೇಲೆ ನಾನು ಅತ್ತ ಮುಖ ಹಾಕಿರಲಿಲ್ಲ, ಅಂಥ ಮರವನ್ನು ಎಲ್ಲೂ ನೋಡಿರಲೂ ಇಲ್ಲ. ಸಪೂರ, ನೇರ, ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರ. ತೆಂಗಿನ ಮರ ಕಂಡರೆ ಮನಸ್ಸಿನಲ್ಲೇ ಅಳೆಯುವುದು ನನ್ನ ರೋಗ. ಅಳೆದು, ನಂಬದೆ ಬುಡದಿಂದ ಮತ್ತೊಮ್ಮೆ ಅಳೆದೆ.

"ನೀನು ನನ್ನ ಸಂಕ ತೆಗೆದುಕೊಂಡು ಹೋದಿಯಲ್ಲ, ಅದರ ಮಾರನೇ ದಿನ ನೆಟ್ಟದ್ದು," ಎಂದ ತನಿಯಪ್ಪಣ್ಣ. "ಒಂದು ಸಂಕಕ್ಕೆ ಒಂದೇ ಮರ ಅಂದಿ. ಸರಿ, ಒಂದೇ ಮರ. ಐತನ ಕಲ್ಲಿನವರೆಗೆ ಎಟುಕುವ ಮರ ನಾನೇ ಬೆಳೆಸ್ತೇನೆ ಅಂದುಕೊಂಡೆ. ಮೀನು ತೊಳೆದ ನೀರು ಹಾಕಿದೆ, ಬೂದಿ ಹಾಕಿದೆ, ಪಕ್ಕಕ್ಕೆ ಇನ್ನೊಂದು ಗಿಡ ಬರಲಿಕ್ಕೆ ಬಿಡಲಿಲ್ಲ. ಮರವೂ ಬೆಳೀತು, ಮಾರಾಯ್ತಿ, ಅದರ ಕೆಲಸ ಅದು ಮಾಡಿತು. ಕಲ್ಲು ಅದಕ್ಕಿಂತ ಬೇಗ ನಡೀತು." ಅವನು ಬಡಗಣಕ್ಕೆ ನೋಡಿದ. ಅಲ್ಲಿ ಹತ್ತಾರು ಮನೆಗಳ ಸೂರು, ಅವುಗಳಾಚೆ ಕಡಲಿನ ಒಂದು ಗೆರೆ. ಕರಿಕಲ್ಲು ಕಾಣುತ್ತಿರಲಿಲ್ಲ. "ಇವತ್ತಿಗೆ ಇದು ಯಾರಿಗೂ ಅಲ್ಲದ ಮರ. ಕಡಿ."

"ಬೇಡ ತನಿಯಪ್ಪಣ್ಣ."

"ಕಡಿ ಅಂದೆ. ನಿನಗಲ್ಲ ಕೊಡುದು. ನನಗೆ ಮರ ಎಟುಕುದು ನೋಡ್ಬೇಕು, ಎಲ್ಲಿಗಾದರೂ ಸರಿ."

ಆ ಮರ ಸಾಗಿಸಿದ್ದು ಊರಿಗೆ ಊರೇ ಸೇರಿ ಮಾಡಿದ ಕೆಲಸ. ನಮ್ಮ ಊರಿನಲ್ಲಿ ನೇರ ದಾರಿ ಎಂಬುದಿಲ್ಲ. ಒಂದು ಕಲ್ಲಿನ ಮೂಲೆಯಲ್ಲಿ ಮರ ತಿರುಗಲೇ ಇಲ್ಲ, ಮುಂದಿನವರು ಒಂದು ಅಂಗಳದಲ್ಲಿದ್ದರೆ ಹಿಂದಿನವರು ಮೂರು ಕಲ್ಲು ಆಚೆ. ಕಡೆಗೆ ಒಂದು ಮನೆಯ ಮುಂಬಾಗಿಲಿನಿಂದ ತೂರಿಸಿ ಹಿಂಬಾಗಿಲಿನಿಂದ ಎಳೆದರು. ಆ ಮನೆಯ ಮುದುಕಿ ಕೂತಲ್ಲಿಂದ ಏಳದೆ, ತನ್ನ ತಲೆಯ ಮೇಲೆ ಹಾದುಹೋಗುವ ಮರವನ್ನು ನೋಡುತ್ತ, "ಇದು ಮುಗೀತದಾ ಇಲ್ವಾ?" ಎಂದು ಕೇಳಿದ್ದು ಈಗಲೂ ಊರಿನಲ್ಲಿ ಗಾದೆಯಾಗಿದೆ. ಯಾರ ಮಾತಾದರೂ ಉದ್ದವಾದರೆ, "ಮುಗೀತದಾ ಇಲ್ವಾ?" ಎನ್ನುತ್ತಾರೆ.

ಹಸುರುಕಲ್ಲಿಗೆ ತುದಿ ತಾಗಿದಾಗ ಸೇಸಣ್ಣ ಆಚೆಯಿಂದ ಹಿಡಿದುಕೊಂಡ. ಆ ಬದಿ ಒಂದು ಮಾರು, ಈ ಬದಿ ಒಂದು ಮಾರು. ತನಿಯಪ್ಪಣ್ಣನೇ ಮೊದಲು ದಾಟಿದ. ನಡುವೆ ನಿಂತು, ಕೂತು, ಕಾಲು ಇಳಿಬಿಟ್ಟು, ಎಲೆಯಡಿಕೆ ಚೀಲ ಬಿಚ್ಚಿದ. ಯಾರೂ ಅವನನ್ನು ಏಳು ಎನ್ನಲಿಲ್ಲ.

ಆ ಮರ ನಮಗೆ ಮೂರು ವರ್ಷ ಕೊಟ್ಟಿತು. ಸುಗಂಧಿಗೆ ಓದು ತಲೆಗೆ ಹತ್ತಿದ್ದು, ಅವಳ ಮೊದಲ ಜಡೆ ಸೊಂಟ ಮುಟ್ಟಿದ್ದು, ನನ್ನ ಗಂಡನ ಬೋಟು ಒಂದು ವಾರ ಕಾಣೆಯಾಗಿ ವಾರಿಜಕ್ಕ ಅಷ್ಟೂ ದಿನ ನನ್ನ ಪಕ್ಕದಿಂದ ಏಳದೆ ಕೂತದ್ದು, ಕಡೆಗೆ ಅವರು ಬಂದಾಗ ಅವಳೇ ನನಗಿಂತ ಮೊದಲು ಅವರಿಗೆ ಬೈದದ್ದು, ಎಲ್ಲ ಆ ಮೂರು ವರ್ಷಗಳಲ್ಲಿ. ಇನ್ನೊಬ್ಬರು ಕೊಟ್ಟದ್ದು ಎಂದು ಗೊತ್ತಿದ್ದ ಕಾಲ ಅದು. ಹಾಗಾಗಿ ಅದರ ಒಂದು ತುಣುಕೂ ನನ್ನಿಂದ ಕಳೆದುಹೋಗಿಲ್ಲ.

ಕಡೆಯ ಬೇಸಗೆಯಲ್ಲಿ ಮರ ಎರಡೂ ಬದಿ ಬೆರಳಿನಗಲಕ್ಕೆ ಬಂತು. ಅದಕ್ಕಿಂತ ಉದ್ದದ ಮರ ಇನ್ನಿಲ್ಲ. ನಮ್ಮಲ್ಲಿ ಸಂಕ ತೆಗೆಯುವ ದಿನ ಒಂದು ಊಟವಿದೆ. ಎರಡು ಮನೆಯವರೂ ಎದುರು ಮನೆಯವರಿಗೆ ಇಷ್ಟವಾದದ್ದನ್ನು ಬೇಯಿಸಿ, ತಟ್ಟೆಯನ್ನು ಮರದ ಮೇಲೆ ದಾಟಿಸಿ, ತಂತಮ್ಮ ತುದಿಯಲ್ಲಿ ಕೂತು ಉಣ್ಣಬೇಕು. ಪಾತ್ರೆ ವಾಪಸು ಕೊಡಬಾರದು. ಒಂದೊಂದು ಪಾತ್ರೆ ಆಚೀಚೆ ಉಳಿದುಬಿಡಬೇಕು. ವಾರಿಜಕ್ಕ ಕೆಸುವಿನೆಲೆ ಪತ್ರೊಡೆ ಮಾಡಿದ್ದಳು. ನಾನು ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ಸುಗಂಧಿ ಉಣ್ಣಲಿಲ್ಲ.

"ಉಪ್ಪು ಕಮ್ಮಿ," ಎಂದಳು ವಾರಿಜಕ್ಕ ಆಚೆಯಿಂದ.

"ನಿಮ್ಮ ಪತ್ರೊಡೆಗೆ ಹುಳಿ ಹೆಚ್ಚು."

"ಹನ್ನೊಂದು ವರ್ಷ ನೆಕ್ಕಿ ನೆಕ್ಕಿ ತಿಂದವಳಿಗೆ ಈಗ ಹುಳಿ ಗೊತ್ತಾದದ್ದಾ?"

ಊಟ ಮುಗಿಯಿತು. ಜನ ಸುತ್ತಲಿನ ಕಲ್ಲುಗಳ ಅಂಚಿನಲ್ಲಿ ನಿಂತಿದ್ದರು. ತನಿಯಪ್ಪಣ್ಣ ಜಗಲಿಯ ಮೇಲಿದ್ದ, ಚೀಲ ಬಿಚ್ಚಿರಲಿಲ್ಲ. ನಾನು ಹಾರೆಯನ್ನು ಮರದ ಬುಡಕ್ಕಿಟ್ಟೆ. ಇಡೀ ಊರಿನ ಸಂಕ ಎತ್ತಿದ ಕೈ ಅದು. ಹಾರೆ ಮೇಲೇಳಲಿಲ್ಲ. ಒಮ್ಮೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಕೊಟ್ಟಿಗೆಯ ಗೋಡೆಗೆ ಆ ಎರಡು ಮರಗಳು ಈಗಲೂ ಒರಗಿದ್ದವು, ಹಗ್ಗ ಅವುಗಳ ಮೇಲಿತ್ತು. ನಾನು ಅತ್ತ ತಿರುಗಿದ್ದನ್ನು ಊರು ಕಂಡಿತು. ವಾರಿಜಕ್ಕನೂ ಕಂಡಳು.

"ಲೋಲು," ಎಂದಳು. ಹೆಚ್ಚು ಜೋರಾಗಿ ಅಲ್ಲ. "ಆಚೆ ಏನು ನೋಡ್ತಿ? ಇಲ್ಲಿ ನೋಡು."

ನಾನು ನೋಡಿದೆ. ಅವಳು ಎದ್ದು ಸೀರೆ ಎತ್ತಿಕಟ್ಟಿದಳು. ಬಗ್ಗಿ ತನ್ನ ಬದಿಯ ತುದಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ತೆಗೆಯುವ ದಿನ ಸಂಕದವಳಲ್ಲದೆ ಬೇರೆ ಯಾರೂ ಮುಟ್ಟಬಾರದ್ದು ಅದು. ಯಾರೂ ತಡೆಯಲಿಲ್ಲ. ಅವಳ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. "ನಿಂಗೆ ನಾಳೆಯೂ ಈ ಊರಲ್ಲಿ ಸಂಕ ತೆಗೆಯುವ ಕೆಲಸ ಉಂಟು," ಎಂದಳು, "ನಂಗೆ ಇಲ್ಲ," ಮತ್ತು ಮರವನ್ನು ಕಲ್ಲಿನಿಂದ ಆಚೆ ತಳ್ಳಿದಳು.

ಅದು ಜೇಡಿಯ ಮೇಲೆ ಬಿದ್ದ ಶಬ್ದ ದೊಡ್ಡದೇನಲ್ಲ. ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ, ಅಷ್ಟೇ. ನಾವು ಹಗ್ಗ ಹಾಕಿ ಈಚೆಗೆ ಎಳೆದುಕೊಂಡೆವು.

ಆಮೇಲೆ ನೀಲಿಕಲ್ಲು ಬಂತು. ಅದರ ಮೇಲಿನವರು ಒಳ್ಳೆಯವರು, ಮಾತು ಕಮ್ಮಿ, ಬಾವಿಯ ನೀರಿಗೆ ಸ್ವಲ್ಪ ಉಪ್ಪು. ಸಂಕ ನಾನೇ ಹಾಕಿದೆ. ಆ ಮನೆಯ ಸೊಸೆ ಮೊದಲ ದಿನ ಹೊಸ್ತಿಲು ದಾಟದೆ ನಿಂತಾಗ ಸುಗಂಧಿಯೇ ಹೋಗಿ ಕೈ ಹಿಡಿದು ಕರೆದುಕೊಂಡು ಬಂದಳು. ಹಸುರುಕಲ್ಲು ದೂರ ಸರಿಯುತ್ತಲೇ ಇತ್ತು. ವರ್ಷ ಒಂದೆರಡು ನಾವು ಅಂಚಿಗೆ ನಿಂತು ಕೂಗಾಡಿದೆವು. ಹಪ್ಪಳವನ್ನು ಈಗ ಒಲೆಯ ಮೇಲೆ ತೂಗುಹಾಕಿ ಒಣಗಿಸುತ್ತಾಳಂತೆ, ಹೊಗೆ ವಾಸನೆ ಬರುತ್ತದಂತೆ, ಬೋಟಿನವರಿಗೆ ಅದೇ ರುಚಿಯಂತೆ. ಸುಗಂಧಿ ದೊಡ್ಡವಳಾದಾಗ ಅವಳು ಊರಿಡೀ ಸುತ್ತಿ ಬಂದಳು, ಎರಡು ದಿನ ಇದ್ದಳು, ಅತ್ತಳು, ಬೈದಳು, ಹೋದಳು. ಸೊಂಟ ಹಿಡಿದಿತ್ತು ಅವಳಿಗೂ, ಮತ್ತೆ ಬರಲಾಗಲಿಲ್ಲ. ನನಗೆ ಹೋಗಲು ಬಿಡುವಾಗಲಿಲ್ಲ. ಇವತ್ತು, ನಾಳೆ ಎನ್ನುವುದರೊಳಗೆ ಮಳೆಗಾಲ ಬರುತ್ತಿತ್ತು.

ಕಲ್ಲು ದೂರ ಹೋಗುವುದು ನಮಗೆ ಗೊತ್ತು. ಕೆಲವು ಕಲ್ಲು ತಿರುಗುತ್ತವೆ ಎನ್ನುವುದನ್ನು ಮರೆತಿರುತ್ತೇವೆ. ಹಸುರುಕಲ್ಲು ಹೋಗುತ್ತ ಹೋಗುತ್ತ ಮೆಲ್ಲಗೆ ಮೈ ತಿರುಗಿಸಿತು. ಮೊದಲು ಅವಳ ಅಡುಗೆಮನೆಯ ಬಾಗಿಲು ಓರೆಯಾಯಿತು. ಬಾಗಿಲಿನಲ್ಲಿ ನಿಂತವಳ ಒಂದು ಭುಜ ಮಾತ್ರ ಕಾಣುತ್ತಿತ್ತು. ಆಮೇಲೆ ಬಾಗಿಲು ಹೋಯಿತು. ಒಂದು ವರ್ಷದ ಹೊತ್ತಿಗೆ ನಮ್ಮ ಕಡೆಗಿದ್ದದ್ದು ಆ ಮನೆಯ ಹಿಂದಿನ ಗೋಡೆ ಮಾತ್ರ. ಕಿಟಕಿಯಿಲ್ಲದ ಗೋಡೆ. ಕೂಗಿದರೆ ಗೋಡೆಗೆ ಕೂಗಿದ ಹಾಗೆ. ಕೆಲಸ ಮುಗಿಸಿ ಬಂದು ಬೆನ್ನು ನೀಡಿ ಕೂತಾಗ ನನ್ನ ಕಣ್ಣು ಆ ಬೋಳು ಗೋಡೆಯ ಮೇಲೆ ಹೋಗಿ ಕೂರುತ್ತಿತ್ತು. ಕಡೆಕಡೆಗೆ ನಾನು ಅತ್ತ ಬೆನ್ನು ಹಾಕಿ ಕೂರಲು ಕಲಿತೆ.

ಈ ಸಲದ ಮಳೆಗಾಲಕ್ಕೆ ಮೊದಲು, ಒಂದು ಮಧ್ಯಾಹ್ನ, ನಾನು ಹಾಗೇ ಕೂತು ಮೀನಿನ ಹುರುಪೆ ತೆಗೆದು ಸಮ ಮಾಡುತ್ತಿದ್ದೆ. ದೂರದಲ್ಲಿ ಯಾರೋ ಏನೋ ಕುಟ್ಟುತ್ತಿದ್ದರು. ದಬ್, ದಬ್. ನಿಂತಿತು. ಮತ್ತೆ ದಬ್. ಯಾರ ಮನೆಯ ಕೆಲಸವೋ ಎಂದುಕೊಂಡೆ. ಒಳಗಿದ್ದ ಸುಗಂಧಿ ಹೊರಗೆ ಬಂದು ನನ್ನ ತಲೆಯ ಮೇಲಿನಿಂದ ಆಚೆ ನೋಡಿದಳು. "ಅಮ್ಮ," ಎಂದಳು. ನಾನು ತಿರುಗಿದೆ.

ಬೋಳು ಗೋಡೆಯಲ್ಲಿ ಒಂದು ತೂತು. ಗೋಡೆ ಒಡೆಯಲು ಬಾರದವರು ಒಡೆದ ಹಾಗೆ ಸೊಟ್ಟಸೊಟ್ಟ. ಪಿಕ್ಕಾಸಿನ ಮೊನೆ ಬಂತು, ಹೋಯಿತು, ಬಂತು. ಒಂದು ದೊಡ್ಡ ಹೆಂಟೆ ಉರುಳಿ ಬಿದ್ದು ಧೂಳೆದ್ದಿತು. ಧೂಳು ಇಳಿದ ಮೇಲೆ ಆ ತೂತಿನಲ್ಲಿ ಒಂದು ತಲೆ. ಕೂದಲೆಲ್ಲ ಸುಣ್ಣವೋ ನರೆಯೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಒಂದು ಕೈ ಹೊರಗೆ ಬಂತು, ಹಣೆಗೆ ಅಡ್ಡವಾಯಿತು, ನಮ್ಮನ್ನು ಹುಡುಕಿತು.

"ಲೋಲೂ!" ಅದೇ ಗಂಟಲು. "ಕೂತು ಎಂತ ನೋಡ್ತಿ? ನಿನ್ನ ಹಿಂದೆ ಕಡಲು ಕಪ್ಪಾಗಿದೆ! ಬಟ್ಟೆ ತೆಗೀ, ಮಳೆ ಬರ್ತದೆ!"

ನಾನು ತಿರುಗಿದೆ. ಹೌದು, ಪಡುವಣ ಪೂರ್ತಿ ಕಪ್ಪಾಗಿತ್ತು. ಹಗ್ಗದ ಮೇಲೆ ಸುಗಂಧಿಯ ಎರಡು ಲಂಗ, ನನ್ನ ಸೀರೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. "ತೆಗೀತೇನೆ ವಾರಿಜಕ್ಕಾ!" ಎಂದು ಕೂಗಿ, ಮೀನಿನ ಕೈಯಲ್ಲೇ ಓಡಿದೆ.